ಕಾರಿನ ಶ್ರುತಿ

ಹೋದ ವರ್ಷ ನನ್ನ ಹಳೆಯ ಅಂಬಾಸಿಡರ್ ಎಲ್ಲಿ ನಿಲ್ಲಿಸಿದರೂ ತಾನಾಗಿಯೇ ಆಫ್ ಆಗುತ್ತಿತ್ತು. ಸಾಗರದ ಮೆಕ್ಯಾನಿಕ್ಕೊಬ್ಬ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ಸ್ಲೋ ಸ್ಪೀಡ್, ಅಂದರೆ ಗಾಡಿ ನಿಂತಾಗ ಎಂಜಿನ್ ಓಡುವ ವೇಗ, ಏರಿಸಿಕೊಟ್ಟ. ಪೇಟೆ ಸುತ್ತುವಷ್ಟರಲ್ಲಿ ಅದು ಬಿಸಿಯಾಗಿ, ನಿಂತಲ್ಲೇ ಅಕ್ಕಿ ಗಿರಣಿಯ ಹಾಗೆ ಅಬ್ಬರಿಸತೊಡಗಿತು. ವಾಪಸು ಹೋಗಿ ಕೇಳಿದರೆ, "ಹಳೇ ಗಾಡಿ ಮೇಡಂ, ಇಷ್ಟೇ ಇದು. ನಿಮ್ಗೆ ಗೊತ್ತಾಗಲ್ಲ" ಅಂದ.

ಆ ಕೊನೆಯ ಮಾತಿಗೆ ನನಗೆ ಉರಿದುಹೋಯಿತು. ಹೊಸನಗರದವರೆಗೆ ಓಡಿಸಿದೆ. ಎಂಜಿನ್ ಚೆನ್ನಾಗಿ ಕಾದಿತ್ತು. ಬಸ್ ನಿಲ್ದಾಣದ ಎದುರು ಬಾನೆಟ್ ಎತ್ತಿ, ಸೆರಗು ಸಿಕ್ಕಿಸಿಕೊಂಡು, ಅವನು ಬಿಗಿದಿದ್ದ ಕಾರ್ಬ್ಯುರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ಸಡಿಲಿಸಿ ಕಿವಿಗೊಟ್ಟೆ. ಇನ್ನಷ್ಟು ಸಡಿಲಿಸಿದೆ. ಎಂಜಿನ್ ನಡುಗಿದಾಗ ತುಸು ಬಿಗಿದೆ. ಮೂವತ್ತು ವರ್ಷ ಸಂಗೀತದ ಟೀಚರಾಗಿ ತಂಬೂರಿಯ ಬಿರಡೆ ತಿರುಗಿಸಿದ ಕೈಗೆ ಇದೇನೂ ಹೊಸದಲ್ಲ.

ಸಂಜೆ ಆ ಗ್ಯಾರೇಜಿನ ಎದುರೇ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಇಳಿದೆ.

"ನೋಡಪ್ಪ, ಈಗ ಹೇಗಿದೆ ಅಂತ."

ಅವನು ಸೀಟಿನಲ್ಲಿ ಕೂತು ಒಂದು ಕ್ಷಣ ಆಲಿಸಿದ. "ಮತ್ತೆ ಆಫ್ ಆಗಿದ್ಯಲ್ಲ ಮೇಡಂ" ಎನ್ನುತ್ತ ಕೀ ತಿರುಗಿಸಿದ. ಓಡುತ್ತಲೇ ಇದ್ದ ಎಂಜಿನ್ನಿಗೆ ಸ್ಟಾರ್ಟರ್ ತಾಗಿ ಕರ್ರೆಂದು ಕಿರುಚಿತು.

ನಾನು ಸ್ಕ್ರೂ ಮುಟ್ಟಿದ ಮೇಲೆ ಆ ಕಾರಿನಿಂದ ಹೊರಟ ಒಂದೇ ಅಪಸ್ವರ ಅದು. ಅದನ್ನೂ ನುಡಿಸಿದವನು ಅವನೇ.