ಥರ್ಮನ್‌ನ ವಯಸ್ಸು

ಥರ್ಮನ್ ಬೇಸ್‌ಬಾಲ್ ಮೈದಾನದ ಕೊನೆಯ ಗೋಡೆ ಹತ್ತಿರ ನಿಂತು ಚೆಂಡು ಹಿಡಿಯುವವನು. ಅವನಿದ್ದ ಕಡೆ ಹಕ್ಕಿಗಳೂ ಹಾರಲು ಹೆದರುತ್ತವೆ ಎಂದು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಜನ ಹೇಳುತ್ತಿದ್ದರು. ಪತ್ರಿಕೆಯಲ್ಲಿ ಮಾತ್ರ ಒಂದು ಸಾಲೂ ಬರಲಿಲ್ಲ. ಬಿಳಿಯರ ತಂಡ ಊರಲ್ಲಿಲ್ಲದ ದಿನ ಥರ್ಮನ್ ಆಡುತ್ತಿದ್ದ ಕಪ್ಪು ಜನರ ತಂಡಕ್ಕೆ ಮೈದಾನ ಸಿಗುತ್ತಿತ್ತು, ಬಚ್ಚಲು ಸಿಗುತ್ತಿರಲಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಅವನು ಧೂಳು ಮೆತ್ತಿಕೊಂಡೇ ಮನೆಗೆ ಬಂದ. "ಬಾರಯ್ಯಾ, ಅರ್ಧ ಅಲಬಾಮಾನೇ ಹೊತ್ಕೊಂಡು ಬಂದ್ಯಲ್ಲ" ಎನ್ನುತ್ತ ಹೆಂಡತಿ ಅರ್ಡೆಲಾ ನೀರು ಕಾಯಿಸುತ್ತಿದ್ದಳು. ಕೊನೆಗೂ ಬಿಳಿಯರ ತಂಡಗಳು ಕಪ್ಪು ಜನರನ್ನು ಸೇರಿಸಿಕೊಳ್ಳಲು ಶುರುಮಾಡಿದವು. ಆಟಗಾರರನ್ನು ಹುಡುಕುತ್ತಿದ್ದ ಅಂಥ ಒಂದು ತಂಡದವನು ಮನೆಗೇ ಬಂದು, ಜೋಳದ ರೊಟ್ಟಿ ತಿನ್ನುತ್ತ ಥರ್ಮನ್‌ನ ವಯಸ್ಸು ಕೇಳಿದ. ವಯಸ್ಸಾದವರನ್ನು ತಂಡಗಳು ತೆಗೆದುಕೊಳ್ಳುತ್ತಿರಲಿಲ್ಲವಾದ್ದರಿಂದ ಆಟಗಾರರೆಲ್ಲ ಎಂಟು ವರ್ಷ, ಹತ್ತು ವರ್ಷ ನುಂಗಿ ಹೇಳುವುದು ರೂಢಿ. ಅವನು ಬಾಯಿ ತೆರೆಯುವ ಮೊದಲೇ, ಸುಳ್ಳು ಆಡದ ಅರ್ಡೆಲಾ "ಮೂವತ್ತೆಂಟು" ಅಂದುಬಿಟ್ಟಳು. ಬಂದವನು ಕಾಫಿ ಮುಗಿಸಿ ಹೋದ, ತಿರುಗಿ ಬರಲಿಲ್ಲ. ಥರ್ಮನ್ ಬೈಯಲಿಲ್ಲ. ಆಮೇಲೆ ಯಾರು ವಯಸ್ಸು ಕೇಳಿದರೂ "ನನ್ ಹೆಂಡ್ತೀನ ಕೇಳ್ರಪ್ಪಾ, ಅವಳಿಗೆ ಸರಿಯಾಗಿ ಗೊತ್ತು" ಎಂದು ನಗುತ್ತಿದ್ದ. ಅವಳೂ ನಗಬೇಕಾಗುತ್ತಿತ್ತು. ಅವನನ್ನು ಮಣ್ಣು ಮಾಡಿದ ವಾರ, ಸಮಾಧಿಯ ಕಲ್ಲು ಕೆತ್ತುವವನು "ಯಜಮಾನರಿಗೆ ವಯಸ್ಸೆಷ್ಟಮ್ಮಾ?" ಎಂದು ಕೇಳಿದ. ಅರ್ಡೆಲಾ ಎಂಟು ವರ್ಷ ನುಂಗಿ ಹೇಳಿದಳು.