ಮೂಳೆಯಿರುವ ಅಕ್ಷರ

ರಾಜಶ್ರೀ ಗದಗದ ಕಡೆಯವಳು. ಗಾರೆ ಕೆಲಸದ ಗಂಡನ ಜೊತೆ ಪರ್ಕಳಕ್ಕೆ ಬಂದಳು. ಆ ಪುಣ್ಯಾತ್ಮ ಗೋವಾದ ದಾರಿ ಹಿಡಿದ, ಇವಳು ಬಾಡಿಗೆ ಕೋಣೆಯಲ್ಲಿ ಉಳಿದಳು. ಏಳು ವರ್ಷದಿಂದ ಮಣಿಪಾಲದ ಒಂದು ಆಸ್ಪತ್ರೆಗೆ ಕನ್ನಡ ಪ್ರಕಟಣೆ ತಯಾರಿಸುವುದು ಅವಳ ಕೆಲಸ. ಒಂದೇ ಪ್ರಕಟಣೆ ಹಜಾರದ ದೊಡ್ಡ ಟಿ.ವಿ.ಯಲ್ಲೂ ಕಾಣಬೇಕು, ಕೌಂಟರಿನ ಹಳೆಯ ಮಾನಿಟರಿನಲ್ಲೂ ಕಾಣಬೇಕು, ಊರವರ ಫೋನಿನಲ್ಲೂ ಕಾಣಬೇಕು.

ಮೊದಮೊದಲು ಅವಳಿಗೂ ಥಳುಕಿನ ಹುಚ್ಚು. ಕಾಪುವಿನ ಕಣ್ಣು ತಪಾಸಣಾ ಶಿಬಿರದ ಪ್ರಕಟಣೆಯನ್ನು ಕೂದಲೆಳೆಯಂಥ ಗೀಟಿನ ಫಾಂಟಿನಲ್ಲಿ ಮಾಡಿದಳು. ಅವಳ ಪರದೆಯಲ್ಲಿ ಅದು ಮದುಮಗಳಂತೆ ಕಂಡಿತು. ಸಣ್ಣ ಫೋನುಗಳಲ್ಲಿ ಗೀಟೆಲ್ಲ ಕರಗಿ ಬರೀ ಮಬ್ಬು. ಶಿಬಿರದ ಮರುದಿನ ಕಾಪುವಿನಲ್ಲಿ ಮೀನು ಮಾರುವ ರತ್ನಾವತಿ ಹುಡುಕಿಕೊಂಡು ಬಂದು ಫೋನು ಚಾಚಿ ಅವಳ ಮೇಜಿನ ಮುಂದೆ ನಿಂತಳು.

"ಎಲ್ಲ ಮುಗಿದ ಮೇಲೆ ಹೋದೆ ನಾನು. ಗಂಟೆ ಎಷ್ಟೆಂದು ಇದರಲ್ಲಿ ಎಲ್ಲಿ ಉಂಟು, ತೋರಿಸಿ. ಎಂತ ಅಕ್ಷರ ಇದು, ಮೂಳೆಯೇ ಇಲ್ಲ."

"ತಪ್ಪಾತ್ರಿ ಅಕ್ಕಾ," ಎಂದಳು ರಾಜಶ್ರೀ. "ಇನ್ಮುಂದ ಮೊದಲ ನಿಮಗ ಕಳಸ್ತೀನ್ರಿ. ನಿಮ್ಮ ಫೋನಿನ್ಯಾಗ ಕಂಡ್ರ ಎಲ್ಲಾರಿಗೂ ಕಾಣ್ತದ."

ಅಂದಿನಿಂದ ದಿನಾ ಮಧ್ಯಾಹ್ನ ಮಾದರಿಯೊಂದು ಕಾಪುವಿಗೆ ಹೋಗುತ್ತಿತ್ತು. ಗೀಟು ದಪ್ಪಗಿರುವ, ಅಕ್ಷರದೊಳಗಿನ ಹೊಟ್ಟೆ ಅಗಲವಿರುವ, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದ ಫಾಂಟನ್ನೇ ಆರಿಸಬೇಕೆಂದು ಅವಳು ಕಲಿತಳು. ಚಂದ ಸಾಲದು ಎಂದು ಆಫೀಸಿನವರು ಮೂಗು ಮುರಿದರೂ ಜಗ್ಗಲಿಲ್ಲ. ಮಾದರಿ ಹೋದ ಸ್ವಲ್ಪ ಹೊತ್ತಿಗೆ ರತ್ನಾವತಿಯ ದನಿ ಫೋನಿನಲ್ಲಿ ಬರುತ್ತಿತ್ತು: "ಕಾಣ್ತದೆ ಮಾರಾಯ್ತಿ. ನಿನ್ನ ಊಟ ಆಯ್ತಾ?"

ಅವಳ ಊಟ ಆಯಿತೇ ಎಂದು ಕೇಳುವವರು ಈ ಸೀಮೆಯಲ್ಲಿ ಬೇರೆ ಒಬ್ಬರೂ ಇರಲಿಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅವಳು ಬುತ್ತಿ ಬಿಚ್ಚುತ್ತಿದ್ದಳು.

ಈ ಸಲ ಮಳೆ ಬಿಟ್ಟ ಮೇಲೆ ಒಂದು ದಿನ ರತ್ನಾವತಿ ಖುದ್ದಾಗಿ ಬಂದಳು.

"ಮಗಳು ಶರ್ಮಿಳಾ ದೊಡ್ಡ ಫೋನು ತೆಗೆದುಕೊಟ್ಟಿದ್ದಾಳೆ. ಇದರಲ್ಲಿ ಎಂಥ ಅಕ್ಷರವೂ ಕಾಣ್ತದೆ. ಹಳೆಯದು ನೀನೇ ಇಟ್ಟುಕೋ, ನಿನ್ನ ಕೆಲಸಕ್ಕೆ ಬೇಕಲ್ವಾ?"

ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದು. ರಾಜಶ್ರೀ ಎರಡೂ ಕೈಯಲ್ಲಿ ತೆಗೆದುಕೊಂಡಳು. ಇನ್ನು ಯಾವ ನೆಪದಲ್ಲಿ ಮಾದರಿ ಕಳಿಸುವುದು? ಸುಮ್ಮಸುಮ್ಮನೆ ಮಾತಾಡಿಸಲು ಸಂಕೋಚ. ಕೆಲಸವಿಲ್ಲದೆ ಯಾರ ಬಾಗಿಲನ್ನೂ ತಟ್ಟಿದವಳಲ್ಲ ಅವಳು.

ಮರುದಿನ ಮಧ್ಯಾಹ್ನ ಹಳೆಯ ಫೋನಿಗೆ ಬೇರೆ ಸಿಮ್ ಹಾಕಿ ಮಾದರಿಯನ್ನು ಅದಕ್ಕೇ ಕಳಿಸಿದಳು. ಮೊಣಕೈ ಪಕ್ಕದಲ್ಲೇ ಅದು ಟಿಣ್ ಎಂದಿತು. ಎತ್ತಿ ನೋಡಿದಳು. ಒಂದಕ್ಷರವೂ ಕೆಟ್ಟಿರಲಿಲ್ಲ.

"ಕಾಣ್ತದೆ," ಎಂದು ತಾನೇ ಹೇಳಿಕೊಂಡಳು. ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಮುಂದಿನ ಪ್ರಕಟಣೆಗೆ ಕೈ ಹಾಕಿದಳು.

ಸಂಜೆ ಪರ್ಕಳದ ಬಸ್ಸು ಹತ್ತುವಾಗ ಬುತ್ತಿ ಬೆಳಿಗ್ಗೆ ತಂದಷ್ಟೇ ಭಾರವಿತ್ತು.