ಸಿಲೋನಿಗೆ ಹೊರಟ ಸೀರೆ

ಹಡಗು ಮುಳುಗಬಹುದಿತ್ತು. ಅದಕ್ಕೂ ಮೊದಲು ಗುಂತಕಲ್ಲಿನಲ್ಲಿ ಗಾಡಿ ತಪ್ಪಬಹುದಿತ್ತು. ಮಗ ಕಿಟಕಿಯಿಂದ ಕೈ ಹೊರಗೆ ಚಾಚಬಹುದಿತ್ತು. ಮಗಳು ಹಡಗಿನ ಕಟಾಂಜನದ ಸಂದಿಯಲ್ಲಿ ತೂರಿ, ತಲೆಯ ಹಿಂದೆಯೇ ತಾನೂ ಸಮುದ್ರಕ್ಕೆ ಜಾರಬಹುದಿತ್ತು. ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಗುರುತು ಸಾಲದೆಂದು ಯಾವನೋ ಡಾಕ್ಟರ ನಮ್ಮನ್ನು ಸಮುದ್ರದಂಡೆಯ ಶಿಬಿರದಲ್ಲಿ ಕೂಡಿಹಾಕಬಹುದಿತ್ತು. ಕಳ್ಳರು, ಕಾಲರಾ, ಕೊಬ್ಬರಿ ಎಣ್ಣೆಯ ಅಡಿಗೆ. ಇದೆಲ್ಲ ದಾಟಿ ಜೀವಂತ ಮರಳಿದರೂ, ಅಷ್ಟರಲ್ಲಿ ನಮ್ಮ ಊರೇ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ, ಪಾಸ್‌ಪೋರ್ಟು ನೋಡಿದವರು ‘ಇಂಥ ವಿಳಾಸವೇ ಇಲ್ಲವಲ್ಲ’ ಎಂದು ನಮ್ಮನ್ನು ತಿರುಗಿ ಹಡಗು ಹತ್ತಿಸಬಹುದಿತ್ತು.

ಇವತ್ತು ಮುಂಜಾನೆ ಅಟ್ಟದಿಂದ ಹಾಸಿಗೆ ಸುತ್ತುವ ಹೋಲ್ಡಾಲು ಇಳಿಸಿ ಬಿಚ್ಚಿದೆ ನೋಡಿ, ಡಾಂಬರು ಗುಳಿಗೆಯ ವಾಸನೆಯ ಜೊತೆಗೆ ಈ ಹಳೆಯ ಭಯಗಳೂ ಮಡಿಕೆ ಕೆಡದಂತೆ ಹೊರಬಂದವು. ಹೋಲ್ಡಾಲು ಎರವಲು ಕೇಳಿ ಬಂದವನು ನಮ್ಮ ಓಣಿಯ ಹತ್ತಿ ವ್ಯಾಪಾರಿಯ ಮಗ. ಹೆಂಡತಿ ಮಕ್ಕಳನ್ನು ಸಿಂಗಪುರ ತೋರಿಸಲು ಒಯ್ಯುತ್ತಾನಂತೆ. “ನೀವು ಅನುಭವಸ್ಥರು ಸರ, ಬಜೆಟ್ ಹೆಂಗ ಮಾಡಬೇಕು ಸ್ವಲ್ಪ ಹೇಳ್ರಿ” ಎಂದ. ನನ್ನನ್ನು ಅನುಭವಸ್ಥನೆಂದು ನಂಬಿದವನು ವ್ಯಾಪಾರದಲ್ಲಿ ಉದ್ಧಾರವಾದಾನೆಂದು ನನಗೆ ಅನ್ನಿಸುವುದಿಲ್ಲ. ಆದರೂ ಕುಂಡ್ರಿಸಿದೆ, ಹೇಳಿದೆ.

ನಾನು ಬೆಟಗೇರಿಯಲ್ಲಿ ಭೂಗೋಳದ ಮಾಸ್ತರ. ಐದು ಮಹಾಸಾಗರಗಳನ್ನು ವರ್ಷವರ್ಷವೂ ಕಲಿಸಿದವನು, ಒಂದನ್ನೂ ನೋಡದೆ. ನಮ್ಮ ಕಡೆಯವರಿಗೆ ಪರದೇಶವೇನು ಕಡಿಮೆ ಇರಲಿಲ್ಲ. ಲಕ್ಷ್ಮೇಶ್ವರಕ್ಕೆ ಹೋದರೆ ಮಿರಜದ ಸಂಸ್ಥಾನ, ಶಿರಹಟ್ಟಿಗೆ ಹೋದರೆ ಸಾಂಗಲಿಯದು, ಮುಂಡರಗಿಯಿಂದ ಮೂಡಲಿಗೆ ನಡೆದರೆ ನಿಜಾಮ. ನನ್ನ ಮದುವೆಯ ದಿಬ್ಬಣ ಚಕ್ಕಡಿಯಲ್ಲೇ ಅರಸರ ಸೀಮೆ ದಾಟಿ ಶಿಗ್ಲಿಗೆ ಹೋಗಿತ್ತು. ಎತ್ತುಗಳಿಗೆ ಅದರ ಹೆಮ್ಮೆಯೂ ಇರಲಿಲ್ಲ, ಪಾಸ್‌ಪೋರ್ಟೂ ಇರಲಿಲ್ಲ.

ಆ ಶಿಗ್ಲಿಯ ಹುಡುಗಿ, ನನ್ನ ಹೆಂಡತಿ ಶಾಂತಾ, ತಾಯಿಯಿಲ್ಲದೆ ಬೆಳೆದವಳು. ಬೆಳೆಸಿದವಳು ಅವಳ ಅಕ್ಕ ಗೋದಕ್ಕ. ಗೋದಕ್ಕನ ಗಂಡ ಕೊಲಂಬೊದ ಜವಳಿ ಅಂಗಡಿಯಲ್ಲಿ ಗುಮಾಸ್ತ. ಮದುವೆಯಾಗಿ ಹೋದವಳು ಮತ್ತೆ ಬರಲಿಲ್ಲ. ತಂದೆ ತೀರಿಕೊಂಡಾಗಲೂ ಬರಲಾಗಲಿಲ್ಲ. ತವರೆಂಬುದು ಅಳಿಸಿಹೋಯಿತು. ಹೀಗಾಗಿ ತವರಿನ ಸೀರೆ ಎಂಬುದೊಂದು ಗೋದಕ್ಕನ ಉಡಿಗೆ ಎಂದೂ ಬೀಳಲಿಲ್ಲ. ಶಾಂತಾಳ ಹಟ ಒಂದೇ. ಶಿಗ್ಲಿಯ ಮಗ್ಗದಲ್ಲಿ ಸೀರೆ ನೇಯಿಸಿ, ತಾನೇ ಒಯ್ದು, ತನ್ನ ಕೈಯಿಂದ ಅಕ್ಕನ ಉಡಿ ತುಂಬಬೇಕು. ಮಕ್ಕಳನ್ನು ಅವಳ ತೊಡೆಯ ಮೇಲೆ ಕೂಡ್ರಿಸಬೇಕು.

ಇಷ್ಟು ಸರಳವಾದ ಸಂಗತಿಯನ್ನು ಕೈಗೆ ಕೊಟ್ಟರೆ ನನ್ನಂಥವನು ಏನು ಮಾಡುತ್ತಾನೆ? ಯೋಜನೆ ಮಾಡುತ್ತಾನೆ. ಆಂಗ್ಲರ ಕಾಲದಲ್ಲಿ ಸಿಲೋನಿಗೆ ಹೋಗುವುದೆಂದರೆ ಟಿಕೆಟು ತೆಗೆದು ಕೂಡುವುದು, ಅಷ್ಟೇ. ‘ಸ್ವಾತಂತ್ರ್ಯ ಬರಲಿ, ಗದ್ದಲ ಅಡಗಲಿ’ ಎಂದು ನಾನು ತಡೆದೆ. ಸ್ವಾತಂತ್ರ್ಯ ಬಂತು, ಅದರ ಬೆನ್ನಿಗೇ ಪಾಸ್‌ಪೋರ್ಟು ಬಂತು, ಮಕ್ಕಳೂ ಬಂದರು. ಆಮೇಲೆ ಬಜೆಟ್ಟು. ಅಡಿಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆ: ರೈಲು, ಹಡಗು, ಮಗಳ ವಾಂತಿಗೆ ಲಿಂಬಿಕಾಯಿ, ಆಕಸ್ಮಿಕ, ಆಕಸ್ಮಿಕವೂ ಸಾಲದೆ ಬಂದರೆ ಇನ್ನೊಂದು ಆಕಸ್ಮಿಕ. ಒಗ್ಗರಣೆಯ ಹೊಗೆಗೆ ಗೋಡೆ ಕಪ್ಪಾಗುವುದು, ನಾನು ಮತ್ತೆ ಬರೆಯುವುದು. ನನ್ನ ಯೋಜನೆಗಿಂತ ಮಕ್ಕಳೇ ಜೋರಾಗಿ ಬೆಳೆದರು. ಬಿಟ್ಟಿ ಹೋಗಬೇಕಾದ ಮಗಳು ಅರ್ಧ ಟಿಕೆಟಿನವಳಾದಳು.

“ಹಿಂಗ ಲೆಕ್ಕಾ ಹಾಕ್ಕೋತ ಕುಂತ್ರ ಅಕೀ ಮದಿವ್ಯಾಗಿ, ಗಂಡನ ಖರ್ಚಿನಾಗ ಹೊಕ್ಕಾಳ ಬಿಡ್ರಿ” ಎಂದಳು ಶಾಂತಾ.

“ಏಕೀಕರಣ ಆಗಿ ಬಿಡ್ಲಿ ತಡಿ. ಯಾವ ರಾಜ್ಯದಾವ್ರು ನಾವು ಅಂತನಽ ಗೊತ್ತಿಲ್ಲ.”

“ನೀವು ಯಾವ ರಾಜ್ಯಕ್ಕ ಹೋದ್ರೂ ನೀವಽ ಇರ್ತೀರಿ. ಅದಽ ನನ್ನ ಚಿಂತಿ.”

ಮರುದಿನ ಶಾಲೆಯಿಂದ ಬಂದಾಗ ಅವಳ ಮುಖದಲ್ಲಿ ಗೆಲುವಿತ್ತು. “ಪರಸ್ಥಾನ ಇಟ್ಟೇನಿ” ಎಂದಳು.

ಒಳ್ಳೆಯ ಮುಹೂರ್ತಕ್ಕೆ ಹೊರಡಲಾಗದಿದ್ದರೆ, ಹೋಗಬೇಕಾದ ದಿಕ್ಕಿನ ಯಾರದಾದರೂ ಮನೆಯಲ್ಲಿ ಆ ಗಳಿಗೆಗೆ ಒಂದು ಗಂಟು ಇಟ್ಟುಬಂದರಾಯಿತು, ಹೊರಟ ಲೆಕ್ಕ. ಆಮೇಲೆ ಹೊರಡುವಾಗ ಗಂಟನ್ನು ಅಲ್ಲಿಂದಲೇ ಕೂಡಿಸಿಕೊಂಡು ಮುಂದೆ ಹೋಗಬೇಕು; ತಿರುಗಿ ಮನೆಯೊಳಗೆ ತರುವಂತಿಲ್ಲ. ಶಾಂತಾ ಅಕ್ಕನಿಗೆಂದು ಶಿಗ್ಲಿಯಲ್ಲಿ ನೇಯಿಸಿ ತರಿಸಿದ್ದ ಸೀರೆಯನ್ನು ಗಂಟು ಕಟ್ಟಿ ತೆಂಕಣ ಮನೆಯ ತುಂಗವ್ವನ ಗೋಡೆಯ ಮಾಡದಲ್ಲಿ ಇಟ್ಟುಬಂದಿದ್ದಳು. ಶಾಸ್ತ್ರದ ಪ್ರಕಾರ ನಾನು ಆಗಲೇ ಸಿಲೋನಿನ ಹಾದಿಯಲ್ಲಿದ್ದೆ, ಅಂಗಿಯ ಗುಂಡಿ ಬಿಚ್ಚುತ್ತ. ಹಡಗಿಗೆ ಹೆದರುವವನು ಪರಸ್ಥಾನ ಮುರಿಯಲಿಕ್ಕೆ ಇನ್ನೂ ಹೆಚ್ಚು ಹೆದರುತ್ತಾನೆಂಬುದು ಅವಳಿಗೆ ಗೊತ್ತಿತ್ತು.

ಅಂತೂ ದೀಪಾವಳಿಗೆ ಶಾಲೆ ಸೂಟಿ ಬಿಟ್ಟಾಗ ಹೊರಟೆವು. ಗಾಡಿಗೆ ಬಹಳ ಹೊತ್ತಿರುವಾಗಲೇ ನಾನು ಎಲ್ಲರನ್ನೂ ಟಾಂಗಾಕ್ಕೆ ಹತ್ತಿಸಿದೆ. ತುಂಗವ್ವ ಗಂಟು ಕೊಡಲಿಲ್ಲ. “ಹೊಂಡೂ ಹೊತ್ತಾಗಿಲ್ಲ, ಈಗ ಕೊಟ್ರ ಫಲ ಇಲ್ಲ. ಗಾಡಿ ಹೊತ್ತಿಗೆ ಸ್ಟೇಶನ್ನಿಗೆ ನಾನಽ ತರತೀನಿ, ಹೋಗ್ರಿ” ಎಂದಳು. ನಿಲ್ದಾಣದಲ್ಲಿ ಹಮಾಲ ನಮ್ಮನ್ನು ನೋಡಿ, “ಯಾವ ಗಾಡಿಗ್ರಿ ಮಾಸ್ತರ, ನಿನ್ನಿದಕ್ಕೋ ನಾಳಿದಕ್ಕೋ?” ಎಂದು ಕೇಳಿದ.

ನಮ್ಮ ಗದಗಿನ ಗಾಡಿ ಎಂದೂ ಹೊತ್ತಿಗೆ ಬಂದದ್ದಲ್ಲ. ಊರಿನ ಬುದ್ಧಿವಂತರು ಕೂಗು ಕೇಳಿದ ಮೇಲೆ ಚಪ್ಪಲಿ ಮೆಟ್ಟುತ್ತಾರೆ, ತುಂಗವ್ವ ಬುದ್ಧಿವಂತೆ. ಹಡಗು, ಕಾಲರಾ, ರಾಜ್ಯದ ಗಡಿ ಎಲ್ಲಕ್ಕೂ ಗೋಡೆಯ ಮೇಲೆ ಜಾಗ ಕೊಟ್ಟವನಿಗೆ ಇದೊಂದು ಹೊಳೆದಿರಲಿಲ್ಲ: ಅಂದು ಗಾಡಿ ಸರಿಯಾದ ಹೊತ್ತಿಗೆ ಬಂತು. ಬಂದದ್ದು ಸಾಲದೆಂಬಂತೆ ಸರಿಯಾದ ಹೊತ್ತಿಗೆ ಹೊರಟಿತು. ಶಾಂತಾ ಬಾಗಿಲಿಗೆ ಜೋತು, “ತುಂಗವ್ವಾ, ಜಲ್ದಿ ಬಾ!” ಎಂದು ಕೂಗುತ್ತಿದ್ದಳು. ತಲೆಯ ಮೇಲೆ ಗಂಟು ಹೊತ್ತ ತುಂಗವ್ವ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಓಡಿಬರುತ್ತಿದ್ದಳು. ಗಾಡಿಗೆ ಬೈಯುತ್ತಿದ್ದಳೆಂದು ಬಾಯಿ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಅವಳು ಚಿಕ್ಕವಳಾಗುತ್ತ ಹೋದಳು.

ಮುಂದೆ ಏನೂ ಕೆಡಲಿಲ್ಲ. ನಾಚಿಕೆಯಾಗುವಷ್ಟು ಸುಖವಾಗಿ ತಲುಪಿದೆವು. ಮಗಳು ವಾಂತಿ ಮಾಡಲಿಲ್ಲ, ನಾನು ಮಾಡಿದೆ. ಗೋದಕ್ಕ ಮಕ್ಕಳನ್ನು ತೊಡೆಯಿಂದ ಇಳಿಸಲಿಲ್ಲ. ಶಾಂತಾ ಅಕ್ಕನ ಉಡಿಗೆ ಅಕ್ಕಿ ಹಾಕಿದಳು, ತೆಂಗಿನಕಾಯಿ ಇಟ್ಟಳು, ಮುಂದೆ ಕೈ ಹಾಗೆಯೇ ನಿಂತಿತು. ಕೊಲಂಬೊದಲ್ಲೇ ಒಂದು ಸೀರೆ ಕೊಂಡು ಇಡೋಣವೆಂದು ನಾನು ಹೇಳಿದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಮಹಾಸಾಗರದ ಕಡೆ ಮುಖ ತಿರುಗಿಸಿದೆ.

“ಅಳಬ್ಯಾಡ ಹುಚ್ಚಿ, ಸೀರಿ ಹೊಂಟೈತೆಲ್ಲ, ಇಂದಲ್ಲ ನಾಳೆ ಬರತೈತಿ” ಎಂದಳು ಗೋದಕ್ಕ. ಅತ್ತದ್ದು ಮಾತ್ರ ಅವಳೇ.

ಮರಳಿ ಬಂದಾಗ ರಾಜ್ಯ ಬದಲಾಗಿತ್ತು. ಟಾಂಗಾದ ಕುದುರೆಗೆ ಆ ಖಬರ ಇನ್ನೂ ಮುಟ್ಟಿರಲಿಲ್ಲ. ಹಳೆಯ ಹಾದಿಯಲ್ಲೇ ಮನೆಗೆ ತಂದಿತು. ತುಂಗವ್ವ ಗಂಟು ಹಿಡಿದು ಬಾಗಿಲಲ್ಲಿ ನಿಂತಳು. ಶಾಂತಾ ಹೊಸ್ತಿಲು ದಾಟಗೊಡಲಿಲ್ಲ. “ಅದು ಹಾದ್ಯಾಗೈತಿ, ನಿನ್ನ ಮಾಡದಾಗಽ ಇರ್ಲಿ” ಎಂದಳು. ಅಂದಿನಿಂದ ಅಲ್ಲಿಯೇ ಇದೆ. ತುಂಗವ್ವ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ತಿರುಗಿ ಕಟ್ಟಿಡುತ್ತಾಳೆ.

ಇಷ್ಟು ಕೇಳಿದ ಹತ್ತಿ ವ್ಯಾಪಾರಿಯ ಮಗ ಆಕಳಿಸಿ ಎದ್ದ. ತನ್ನ ಬಜೆಟ್ಟಿನ ಮಾತು ಬರಲೇ ಇಲ್ಲವೆಂದು ಅವನಿಗೆ ಬೇಸರವಾಗಿರಬೇಕು. ಹೋಲ್ಡಾಲಿಗೆ ಕೈ ಹಾಕಿದ. ನಾನು ಅದರ ಪಟ್ಟಿ ಬಿಡಲಿಲ್ಲ.

“ಯಾಕ್ರಿ ಸರ?”

“ನಮಗಽ ಬೇಕಾಗೈತಿ.”

“ಹೌದಾ? ನೀವು ಯಾವಾಗ ಹೊಂಡ್ತೀರಿ?”

ಹಡಗು ಮುಳುಗಬಹುದು ಎಂದು ನಾನು ಬಾಯಿ ತೆರೆಯಬೇಕಿತ್ತು. ಅದರ ಬದಲು ಹೋಲ್ಡಾಲಿನ ಪಟ್ಟಿ ಬಿಗಿದೆ. ಅಡಿಗೆಮನೆಯಿಂದ ಶಾಂತಾ ಉತ್ತರ ಕೊಟ್ಟಳು:

“ನಾವು ಹೊಂಟು ಭಾಳ ವರ್ಷ ಆತಪ್ಪಾ.”